ಬಸ್ಸಿನ ಫೋಲ್ಡರ್ ತೆಗಿ

ಪುಣೆ ಹತ್ತಿರದ ನಿಗಡಿಯ ಕನ್ನಡ ಸಂಘದ ಸಭಾಗೃಹದಲ್ಲಿ ಆ ಶನಿವಾರ ಮಧ್ಯಾಹ್ನ ಪ್ರೊಜೆಕ್ಟರ್ ಕೆಮ್ಮಿ, ಕಣ್ಣು ಬಿಟ್ಟು, ಪರದೆಯ ಮೇಲೆ ಬೆಳಕು ಚೆಲ್ಲಿದ್ದೇ ತಡ, ರೇಣು ಕುರ್ಚಿಯಿಂದ ಎದ್ದಳು, ಕೂತಳು, ಮತ್ತೆ ಎದ್ದಳು.

"ಕೂಡ್ರು, ಇಲ್ಲಾ ನಿಂದ್ರು. ನಡಕ ನೇತಾಡಬ್ಯಾಡ," ಅಂದೆ.

"ಸಂಜ್ಯಾ, ಸಂಜೀಕ ಮಂದಿ ಬರ್ತಾರೋ."

"ಸಂಜಿ ಇನ್ನೂ ದೂರ ಅದ. ಸಂಜ್ಯಾ ಇಲ್ಲೇ ಇದ್ದಾನ. ಚಿಂತಿ ಬಿಡು."

ರೇಣು ನನ್ನ ಕಾಕಾನ ಮಗಳು. ಹಗಲು ಬ್ಯಾಂಕಿನ ಕೆಲಸ, ಉಳಿದ ಹೊತ್ತು ಬಸ್ಸಿನ ಕೆಲಸ. ಎರಡು ವರ್ಷ ಒಬ್ಬಳೇ ಕೂತು, ಒಂದೊಂದೇ ಚಿತ್ರ ಬಿಡಿಸಿ, ಮಕ್ಕಳಿಗಾಗಿ ಕಾರ್ಟೂನ್ ಸಿನಿಮಾ ಮಾಡಿದ್ದಳು. ಪುಣೆಯ ಸಿಟಿ ಬಸ್ಸೊಂದು ಕನ್ನಡ ಕಲಿಯುವ ಕಥೆ. ದಿನಾ ಹತ್ತುವ ವಿಜಾಪುರದ ಅಜ್ಜಿಯೊಬ್ಬಳು ಬ್ರೇಕ್ ಹಾಕಿದಾಗಲೆಲ್ಲ ಬಸ್ಸಿಗೆ ಬೈಯುತ್ತಾಳೆ. ಬೈಗುಳದಿಂದಲೇ ಬಸ್ಸಿನ ಅಕ್ಷರಾಭ್ಯಾಸ. ಬಸ್ಸು, ಅಜ್ಜಿ, ಕಂಡಕ್ಟರ್, ಕಂಡಕ್ಟರನ ಸೀಟಿ, ಅಜ್ಜಿಯ ಚೀಲದೊಳಗಿನ ಕೋಳಿ, ಎಲ್ಲಕ್ಕೂ ದನಿ ನನ್ನದೇ. ಕೋಳಿಯ ವಿಷಯದಲ್ಲಂತೂ ಅದು ಮರಾಠಿ ಕೋಳಿಯೋ ಕನ್ನಡ ಕೋಳಿಯೋ ಎಂದು ನಾವಿಬ್ಬರೂ ವಾರಗಟ್ಟಲೆ ಜಗಳಾಡಿದ್ದೆವು.

ಆ ಸಂಜೆ ಅದರ ಮೊದಲ ಪ್ರದರ್ಶನ. ಮಕ್ಕಳ ಸಿನಿಮಾಗಳನ್ನು ಊರೂರ ಶಾಲೆಗಳಿಗೆ ಒಯ್ದು ತೋರಿಸುವ ವರದಾ ಎಂಬವರು ಬೆಂಗಳೂರಿನಿಂದ ಇದೊಂದಕ್ಕಾಗಿಯೇ ಬರುವವರಿದ್ದರು. ಅವರಿಗೆ ಹಿಡಿಸಿದರೆ ಬಸ್ಸು ಪುಣೆ ದಾಟುತ್ತದೆ. ಸಿನಿಮಾನೇ ಇಲ್ಲದಿದ್ದರೆ ರೇಣುವಿನ ಎರಡು ವರ್ಷ ಡಿಪೋದಲ್ಲೇ ಉಳಿಯುತ್ತದೆ.

ಸಿನಿಮಾ ಕಳೆದುಹೋಗದಂತೆ ನೋಡಿಕೊಳ್ಳುವ ಕೆಲಸ ನನಗೆ ಬಿದ್ದಿತ್ತು. ಹಿಂಜವಾಡಿಯ ಕಂಪ್ಯೂಟರ್ ಕಂಪನಿಯಲ್ಲಿ ನನ್ನ ಹೊಟ್ಟೆಪಾಡೂ ಇದೇ. ಕೋಥರೂಡದ ಮನೆಯಲ್ಲಿ ರೇಣುವಿನ ಕಂಪ್ಯೂಟರ್, ಅದರಲ್ಲಿ 'ಬಸ್ಸು' ಎಂಬ ಫೋಲ್ಡರ್. ಅಲ್ಲಿ ಏನು ಬದಲಾದರೂ ನನ್ನ ಲ್ಯಾಪ್‌ಟಾಪಿನಲ್ಲಿ ತಾನಾಗಿಯೇ ಬದಲಾಗಬೇಕು. ಮೂರನೆಯದು ಅಂಗೈಯಗಲದ ಒಂದು ಡ್ರೈವ್, ಅದು ಕಾಕಾನ ಸೀರೆ ಅಂಗಡಿಯಲ್ಲಿ. ಅಲ್ಲಿನ ಕಂಪ್ಯೂಟರಿಗೆ ಅದನ್ನು ಹಚ್ಚಿದ ಕೂಡಲೇ ಮನೆಯಲ್ಲಿ ಇದ್ದದ್ದೆಲ್ಲ ಹಾಗೆಹಾಗೇ ಅದರೊಳಗೂ ಮೂಡಬೇಕು. ಯಾರೂ ಯಾವ ಗುಂಡಿಯನ್ನೂ ಒತ್ತುವಂತಿಲ್ಲ. ಈ ಏರ್ಪಾಟಿಗೆ ನಾನು ಮಿಮಿಕ್ರಿ ಎಂದೇ ಹೆಸರಿಟ್ಟಿದ್ದೆ. ಮನೆಯ ಫೋಲ್ಡರ್ ಕೆಮ್ಮಿದರೆ ಉಳಿದೆರಡೂ ಅದೇ ದನಿಯಲ್ಲಿ ಕೆಮ್ಮಬೇಕು.

ಎಲ್ಲ ಸರಿಯಾಗಿತ್ತು, ಒಂದು ಒತ್ತಕ್ಷರ ಬಿಟ್ಟು. ಸಿನಿಮಾದ ಹೆಸರು 'ಕನ್ನಡ ಕಲಿತ ಬಸ್ಸು'. ರೇಣು ಅವಸರದಲ್ಲಿ 'ಕನ್ನಡ ಕಲಿತ ಬಸು' ಎಂದು ಬರೆದುಬಿಟ್ಟಿದ್ದಳು. ಸ-ಗೆ ಸ ಒತ್ತು ಬಿದ್ದಿರಲಿಲ್ಲ. ಇದರಿಂದ ಭೂಮಿಯ ಮೇಲೆ ಖುಷಿಪಟ್ಟ ಮನುಷ್ಯ ಒಬ್ಬನೇ, ಅವಳಪ್ಪ ಈರಬಸಪ್ಪ ಕಾಕಾ. ಗೆಳೆಯರ ಬಾಯಲ್ಲಿ ಅವನು ಬಸು. ಮಗಳು ತನ್ನ ಹೆಸರಲ್ಲೇ ಸಿನಿಮಾ ತೆಗೆದಿದ್ದಾಳೆಂದು ಲಕ್ಷ್ಮೀ ರಸ್ತೆಯ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ "ಬಸಾ, ವಹಿನಿ, ಬಸಾ" ಎಂದು ಮರಾಠಿಯಲ್ಲಿ ಕೂಡಿಸಿ, ಸೀರೆ ಬಿಚ್ಚುವ ಮೊದಲು ಡ್ರೈವ್ ಹಚ್ಚಿ ಸಿನಿಮಾ ತೋರಿಸುತ್ತಿದ್ದ.

ಹಿಂದಿನ ದಿನ ರೇಣು ಆ ಒತ್ತು ಸೇರಿಸಿ ಹೊಸ ಪ್ರತಿ ತೆಗೆದಿದ್ದಳು. ಅದು ನನ್ನ ಲ್ಯಾಪ್‌ಟಾಪಿಗೆ ಬಂದಿರಲಿಲ್ಲ. ಮನೆಯ ಕಂಪ್ಯೂಟರ್ ನಿದ್ದೆಹೋಗಿತ್ತು. ಎಬ್ಬಿಸಲು ಮನೆಯಲ್ಲಿ ಯಾರೂ ಇಲ್ಲ. ಕಾಕಾ ಅಂಗಡಿಯಲ್ಲಿ, ರೇಣುವಿನ ತಾಯಿ ಕಾಶವ್ವ ಕಾಕು ಅವಲಕ್ಕಿ ಚೂಡಾದ ಚೀಲ ಹೊತ್ತು ನಿಗಡಿಯ ಬಸ್ಸಿನಲ್ಲಿ. ಕೀಲಿಕೈ ಎದುರು ಫ್ಲ್ಯಾಟಿನ ಶಿವಾನಿಯ ಕೈಯಲ್ಲಿತ್ತು. ಶಿವಾನಿ ಮೈಸೂರಿನವಳು, ಹಿಂಜವಾಡಿಯಲ್ಲಿ ಕೆಲಸ, ಜಾಣೆ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು. ಆಪತ್ತು ಇದ್ದದ್ದೇ ಅಲ್ಲಿ.

ರೇಣು ಫೋನ್ ಮಾಡಿದಳು. ಸಭಾಗೃಹದಲ್ಲಿ ಯಾರೋ ಮೈಕ್ ಪರೀಕ್ಷೆ ಮಾಡುತ್ತಿದ್ದರು. ಒಂದು ಕಿವಿಗೆ ಬೆರಳಿಟ್ಟು ಕೂಗಿದಳು.

"ಶಿವಾನಿ, ಕಂಪ್ಯೂಟರ್ ಹಚ್ಚಿದೇನು? ಬಸ್ಸು ಅಂತ ಫೋಲ್ಡರ್ ಅದ ನೋಡು. ಅದನ್ನ ತೆಗಿ."

"ತೆಗೀಬೇಕಾ? ಪೂರ್ತಿನಾ?"

"ಅರ್ಧಾ ಹೆಂಗ ತೆಗಿತಾರ? ಪೂರ್ತಿ ತೆಗಿ."

"ರೇಣು, ಇದೇನೋ ಕೇಳ್ತಾ ಇದೆ, ಆರ್ ಯೂ ಶೂರ್ ಅಂತ…"

"ಏನರ ಕೇಳಲಿ, ಹೌದು ಅನ್ನು. ಇಲ್ಲಿ ಗದ್ಲ ಭಾಳ ಅದ."

"ಆಯ್ತು, ಹೌದು ಅಂದೆ."

ನನ್ನ ಲ್ಯಾಪ್‌ಟಾಪಿನಲ್ಲಿ ಬದಲಾವಣೆಯ ಗುರುತಿನ ಚಕ್ರ ತಿರುಗತೊಡಗಿತು. "ಬಂತು, ಬಂತು," ಎಂದು ನಾನು ಕಂಡಕ್ಟರನ ದನಿಯಲ್ಲಿ ಸೀಟಿ ಊದಿದೆ. ರೇಣು ಚಪ್ಪಾಳೆ ತಟ್ಟಿದಳು. ಇಬ್ಬರೂ ಬಗ್ಗಿ ನೋಡಿದೆವು. ಫೋಲ್ಡರಿನಲ್ಲಿ ಕೋಳಿಯ ಚಿತ್ರಗಳಿದ್ದವು, ಹೋದವು. ಅಜ್ಜಿಯ ಚಿತ್ರಗಳಿದ್ದವು, ಹೋದವು. ಚಪ್ಪಾಳೆ ನಿಂತಿತು. ಬಸ್ಸಿನ ಬಾಗಿಲು, ಚಕ್ರ, ಹಾರನ್ನು, ಒಂದೊಂದಾಗಿ ಇಳಿದು ಹೋಗುತ್ತಲೇ ಇದ್ದವು. ಕೊನೆಗೆ ಸಿನಿಮಾ ಎಂಬ ದೊಡ್ಡ ಫೈಲೂ ಇಳಿಯಿತು. ಕೈ ಹಾಕಿ ನಿಲ್ಲಿಸೋಣವೆಂದರೆ ಅಷ್ಟರಲ್ಲಿ ಬಸ್ಸು ಖಾಲಿ.

"ಶಿವಾನಿ," ರೇಣುವಿನ ದನಿ ನೂಲಿನಷ್ಟು ಸಣ್ಣದಾಗಿತ್ತು, "ನೀ ಏನ್ ಮಾಡಿದಿ?"

"ನೀನೇ ಹೇಳ್ದಲ್ಲ, ತೆಗಿ ಅಂತ. ತೆಗೆದೆ. ತುಂಬಾ ದೊಡ್ಡದು, ಕಸದ ಬುಟ್ಟಿಗೆ ಹಿಡಿಸಲ್ಲ, ಪರ್ಮನೆಂಟಾಗಿ ಡಿಲೀಟ್ ಮಾಡ್ಲಾ ಅಂತು. ಹೌದು ಅಂದೆ."

"ನಾ ತೆಗಿ ಅಂದದ್ದು, ಬಾಗಿಲಾ ತೆಗಿತಾರಲ್ಲ, ಹಂಗ ತೆಗಿ ಅಂತ."

"ಅಯ್ಯೋ ದೇವ್ರೇ. ಅದಕ್ಕೆ ನಾವು ಓಪನ್ ಮಾಡು ಅಂತೀವಿ ಕಣೇ. ಫೋಲ್ಡರ್ ತೆಗೆಯೋದು ಅಂದ್ರೆ ತೆಗೆಯೋದೇ."

ಒಂದೇ ಶಬ್ದ. ನಾವು ಬಾಗಿಲನ್ನೂ ತೆಗೆಯುತ್ತೇವೆ, ಅಂಗಿಯನ್ನೂ ತೆಗೆಯುತ್ತೇವೆ. ಒಂದು ಒತ್ತು ಕೊಡಲು ಹೋಗಿ ಡಿಲೀಟ್ ಒತ್ತಿದಂತಾಗಿತ್ತು. ನನ್ನ ಮಿಮಿಕ್ರಿಯಂತೂ ಒಂದಿಷ್ಟೂ ತಪ್ಪಿಲ್ಲದೆ ಕೆಲಸ ಮಾಡಿತ್ತು. ಮನೆಯ ಫೋಲ್ಡರ್ ಸತ್ತಾಗ ನನ್ನ ಲ್ಯಾಪ್‌ಟಾಪಿನದು ಸತ್ತಂತೆ ನಟಿಸಲಿಲ್ಲ, ಸತ್ತೇ ಹೋಯಿತು.

"ಡ್ರೈವ್," ಅಂದೆ. "ಕಾಕಾನ ಹಂತೇಕ ಡ್ರೈವ್ ಅದ. ನಿನ್ನೆ ಮುಂಜಾನಿ ಹಚ್ಚಿದ್ದಾನ. ಒತ್ತು ಒಂದು ಇರೂದಿಲ್ಲ. ಉಳದದ್ದೆಲ್ಲಾ ಇರತದ."

ರೇಣುವಿನ ಮುಖದಲ್ಲಿ ದೀಪ ಹತ್ತಿತು. ಮರುಕ್ಷಣ ನನ್ನ ಮುಖದಲ್ಲಿ ಆರಿತು. ಫೋಲ್ಡರ್ ಅಳಿಸಿಹೋದ ಸುದ್ದಿ ಅಂಗಡಿಯ ಕಂಪ್ಯೂಟರಿಗೂ ಮುಟ್ಟಿರುತ್ತದೆ. ಇನ್ನು ಮನೆಯ ಕಂಪ್ಯೂಟರ್ ಆರಿಸಿದರೂ ಉಪಯೋಗವಿಲ್ಲ. ಅಂಗಡಿಯದು ಈಗ ವಿಧೇಯವಾಗಿ ಕಾಯುತ್ತಿದೆ. ಡ್ರೈವ್ ಹಚ್ಚುವುದೇ ತಡ, 'ಮನೆಯಲ್ಲಿ ಏನೂ ಇಲ್ಲವಂತೆ' ಎಂದು ಅದನ್ನೂ ಗುಡಿಸಿ ಹಾಕುತ್ತದೆ. ಯಾವ ಗುಂಡಿಯನ್ನೂ ಯಾರೂ ಒತ್ತಬೇಕಿಲ್ಲ.

"ಈಗ ಗಿರಾಕಿ ಬರೂ ಹೊತ್ತು," ಎಂದಳು ರೇಣು. "ಅಪ್ಪ ಹಚ್ಚೇ ಹಚ್ಚತಾನ."

ನಿಗಡಿಯಿಂದ ಲಕ್ಷ್ಮೀ ರಸ್ತೆಗೆ ಶನಿವಾರ ಹಾರಿ ಹೋಗಬೇಕೇ ಹೊರತು ಓಡಿ ಹೋಗಲಾಗದು. ಶಿವಾನಿ "ನಾನು ಹೋಗ್ತೀನಿ" ಎಂದು ಸ್ಕೂಟಿ ಹತ್ತಿದಳು. ಕೋಥರೂಡದ ಸಿಗ್ನಲ್‌ಗಳು ಅವಳನ್ನು ಸುಮ್ಮನೆ ಬಿಡುವವಲ್ಲ. ಕಾಕಾ ವಾಟ್ಸಾಪ್ ತೆರೆಯುವುದು ರಾತ್ರಿ ಊಟವಾಗಿ ಕನ್ನಡಕ ಸಿಕ್ಕ ಮೇಲೆ. ಉಳಿದದ್ದು ಫೋನು. ನಾನು ಹಚ್ಚಿದೆ.

"ಹಲೋ," ಎಂದ ಕಾಕಾ, "ಇವತ್ತ ಯಾರು?"

"ಕಾಕಾ, ನಾನು ಸಂಜು. ಡ್ರೈವ್ ಹಚ್ಚಬ್ಯಾಡ."

"ಸಂಜೂನ ದನಿ ಚಲೋ ತೆಗದಿ. ಸ್ವಲ್ಪ ಗಾಬರಿ ಜಾಸ್ತಿ ಆತು." ಫೋನ್ ಇಟ್ಟ.

ಅವನ ತಪ್ಪಲ್ಲ. ಹೋದ ವಾರ ನಾನು ಒಬ್ಬ ಶ್ರೀಮಂತ ಹೆಂಗಸಿನ ದನಿಯಲ್ಲಿ ಫೋನ್ ಮಾಡಿ, ಗಣಪತಿ ಮಂಡಲದ ಆನೆಗೆ ಉಡಿಸಲು ಇಳಕಲ್ ಸೀರೆ ಬೇಕು ಎಂದಿದ್ದೆ. ಕಾಕಾ ಗಂಭೀರವಾಗಿ ಸೊಂಡಿಲಿನ ಅಳತೆ ಕೇಳಿದ್ದ. ಆಮೇಲೆ ವಾರವಿಡೀ ಆ ಓಣಿಯ ಅಂಗಡಿಯವರೆಲ್ಲ ಅವನಿಗೆ ಆನೆಯ ಕ್ಷೇಮ ವಿಚಾರಿಸುತ್ತಿದ್ದರು.

ರೇಣು ತನ್ನ ಫೋನಿನಿಂದ ಹಚ್ಚಿದಳು. ಅಳು ಮೂಗಿನಲ್ಲಿ ಸಿಕ್ಕಿಕೊಂಡಿತ್ತು.

"ಅಪ್ಪಾ, ನಾನು. ರೇಣು."

"ವಾಹ್. ಇದು ಮೊದಲಿಂದಕ್ಕಿಂತ ಚಲೋ ಅದ. ರೇಣೂನ ಫೋನೂ ಕಸಗೊಂಡಿ? ಆದ್ರ ನಮ್ಮ ರೇಣು ಇಷ್ಟು ಮೂಗಿನಾಗ ಮಾತಾಡೂದಿಲ್ಲಪಾ."

"ಅಪ್ಪಾ, ಖರೇನ ನಾನು. ಆ ಡ್ರೈವ್…"

"ಹೌದ್ರಿ, ನೀವ. ಈಗ ಗಿರಾಕಿ ಬಂದಾರ, ಸಿನಿಮಾ ಹಚ್ಚಾಂವ ಇದ್ದೀನಿ. ಬಸಾ, ವಹಿನಿ, ಬಸಾ." ಫೋನ್ ಇಟ್ಟ.

ರೇಣು ನನ್ನ ಕಡೆ ತಿರುಗಿದಳು. "ನಿನ್ನ ದೆಸಿಯಿಂದ ನಮ್ಮಪ್ಪಗ ನಾನ ಖೊಟ್ಟಿ ಆದೆ."

"ಕಾಕುಗ ಹಚ್ಚು," ಅಂದೆ. ಹಚ್ಚಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಕಾಕುವಿನ ಫೋನು ಚೀಲದ ತಳದಲ್ಲಿ, ಅದರ ಮೇಲೆ ಚೂಡಾ.

ಇಡೀ ಪುಣೆಯಲ್ಲಿ ಕಾಕಾ ಅನುಮಾನಿಸದ ದನಿ ಒಂದೇ, ಅದು ಕಾಕುವಿನದು. ಏಕೆಂದರೆ ನಾನು ಅದೊಂದನ್ನು ಎಂದೂ ಮುಟ್ಟಿರಲಿಲ್ಲ. ಕಾಲೇಜಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಕಾಕು ಅಂದರೆ ದನಿಯ ಏರಿಳಿತ, ಅದು ಬದಲಾದರೆ ಮಾತಿನ ಅರ್ಥವೇ ಬದಲಾಗುತ್ತದೆ ಎಂದು ಪಾಠ ಮಾಡಿದ ದಿನವೇ ನಾನು ಮನೆಗೆ ಬಂದು ಕಾಕುವಿನ ಕಾಕು ಹಿಡಿಯಲು ಬಾಯಿ ತೆರೆದಿದ್ದೆ. ಅವಳು ಲಟ್ಟಣಿಗೆ ಕೆಳಗಿಡದೆ, "ನನ್ನ ದನಿ ತೆಗದ್ರ ನಿನ್ನ ನಾಲಿಗಿ ತೆಗಿತೀನಿ" ಅಂದಿದ್ದಳು. ಆ ತೆಗೆಯುವುದರಲ್ಲಿ ಎರಡರ್ಥ ಇರಲಿಲ್ಲ.

"ಅವ್ವನ ದನಿ ಮಾಡು," ಎಂದಳು ರೇಣು.

"ನಾಲಿಗಿ?"

"ನಾಲಿಗಿ ಹೋದ್ರ ನಾ ಚಿತ್ರಾ ಬರದು ಕೊಡ್ತೀನಿ. ಮಾಡು."

ಸಂಘದ ಆಫೀಸಿನ ಲ್ಯಾಂಡ್‌ಲೈನಿಗೆ ಓಡಿದೆವು. ಆ ನಂಬರು ಕಾಕಾನಿಗೆ ಗೊತ್ತು. ಕಾಕು ಆ ಹೊತ್ತಿಗೆ ಅಲ್ಲಿ ಇರಬಹುದೆಂದೂ ಗೊತ್ತು. ರೇಣು ನಂಬರು ಒತ್ತಿದಳು. ನಾನು ಗಂಟಲು ಸರಿಮಾಡಿಕೊಂಡೆ. ಆಗ ಹೊಳೆಯಿತು. ಕಾಕುವಿನ ಮಾತಿನಲ್ಲಿ ಕಠಿಣವಾದದ್ದು ಮಾತಲ್ಲ, ಮಾತಿನ ಮೊದಲು ಅವಳು ಸುಮ್ಮನಿರುವುದು.

"ಹಲೋ," ಎಂದ ಕಾಕಾ.

ನಾನು ಸುಮ್ಮನಿದ್ದೆ.

"ಹಲೋ, ಯಾರ್ರಿ?"

ಸುಮ್ಮನಿದ್ದೆ. ಆಚೆ ಕಡೆ ಕುರ್ಚಿ ಕಿರುಗುಟ್ಟಿತು. ಕಾಕಾ ಎದ್ದು ನಿಂತಿರಬೇಕು.

"…ಕಾಶೀ?"

ರೇಣು ಬಾಯಿಗೆ ಓಢಣಿ ತುರುಕಿಕೊಂಡಳು. ನಾನು ಬಾಯಿ ಬಿಟ್ಟೆ. "ಏನ್ರೀ."

"ಹಾಂ, ಹೇಳು, ಹೇಳು."

"ಕೈಯಾಗ ಏನದ?"

"ಏನಿಲ್ಲ. ಡ್ರೈವು."

"ಎಲ್ಲಿ ಹಚ್ಚಾಕತ್ತೀರಿ?"

"ಇನ್ನೂ ಹಚ್ಚಿಲ್ಲ. ಕಂಪ್ಯೂಟರಿನ ಬಾಯಿ ತನಕ ತಂದೀನಿ, ಫೋನ್ ಬಂತು."

"ತೆಗೀರಿ," ಅಂದೆ. ಅಂದವನಿಗೇ ಬೆವರು ಬಂತು.

"ಏನ ತೆಗೀಲಿ?" ಎಂದ ಕಾಕಾ. "ಸಿನಿಮಾ ತೆಗೀಲೇನು? ಹಚ್ಚಿ ತೆಗಿತೀನಿ ತಡಿ."

"ಕೈ," ಅಂದೆ. ದನಿ ಒಡೆಯಲಿದ್ದದ್ದನ್ನು ಹಲ್ಲಿನಲ್ಲಿ ಹಿಡಿದೆ. "ಕೈ ತೆಗೀರಿ ಅಲ್ಲಿಂದ. ಹಿಂದಕ್ಕ. ಇನ್ನೂ ಹಿಂದಕ್ಕ."

"ತೆಗದೆ, ಮಾರಾಯ್ತಿ."

"ಡ್ರೈವ್ ಅಂಗಿ ಬಕ್ಕಣದಾಗ ಇಟಗೋರಿ. ಯಾವ ಕಂಪ್ಯೂಟರಿಗೂ ಹಚ್ಚಬ್ಯಾಡ್ರಿ. ಶಿವಾನಿ ಬರಾಕತ್ತಾಳ, ಅಕಿನ್ನ ಕರಕೊಂಡು ಟ್ಯಾಕ್ಸಿ ಹಿಡದು ಸೀದಾ ಇಲ್ಲಿ ಬರ್ರಿ."

"ಆತು. ಆದ್ರ ಗಿರಾಕಿ ಕುಂತಾರಲ್ಲ. ಯಾಕಂತ ಹೇಳಲಿ?"

ಕಾಕು ಯಾಕೆ ಎಂದು ಯಾರಿಗಾದರೂ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ರೇಣುವನ್ನು ನೋಡಿದೆ. ರೇಣು ನನ್ನ ಹಿಂದೆ ಬಾಗಿಲ ಕಡೆ ನೋಡುತ್ತಿದ್ದಳು, ಕಣ್ಣು ಬಟ್ಟಲಷ್ಟಾಗಿದ್ದವು. ನನ್ನ ಮೂಗಿಗೆ ಕರಿದ ಅವಲಕ್ಕಿ, ಕರಿಬೇವಿನ ವಾಸನೆ ಬಂತು. ಹಿಂದಿನಿಂದ ಬಳೆಗಳ ಕೈಯೊಂದು ಚಾಚಿ ರಿಸೀವರ್ ತೆಗೆದುಕೊಂಡಿತು.

"ಯಾಕಂದ್ರ," ಎಂದಳು ಕಾಕು ಫೋನಿಗೆ, "ನಾ ಹೇಳೀನಿ." ಇಟ್ಟುಬಿಟ್ಟಳು.

ಚೂಡಾದ ಚೀಲವನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿ ಎಳೆದು ಕೂತಳು. ನಾನು ನಾಲಿಗೆಯನ್ನು ಹಲ್ಲಿನ ಹಿಂದೆ ಬಚ್ಚಿಟ್ಟುಕೊಂಡೆ. ರೇಣು ಗಡಬಡಿಸಿ ಎಲ್ಲ ಹೇಳಿದಳು, ತೆಗಿ, ಶಿವಾನಿ, ಪೂರ್ತಿ, ಡ್ರೈವ್, ಮೂಗಿನ ದನಿ.

"ಬಾಗಲಾಗ ನಿಂತು ಕೇಳೀನಿ," ಎಂದಳು ಕಾಕು. ನನ್ನತ್ತ ತಿರುಗಿದಳು. "ನಾ 'ಏನ್ರೀ' ಅನ್ನೂದು ಅಷ್ಟು ಉದ್ದ ಅದ ಏನು?"

"ಸ್ವಲ್ಪ ಗಿಡ್ಡ ಅದ, ಕಾಕು."

"ನಾಲಿಗಿ ವಿಚಾರ ಸಿನಿಮಾ ಮುಗದ ಮ್ಯಾಲೆ ನೋಡೂಣು. ಈಗ ಆ ಚೂಡಾಕ್ಕ ಉಳ್ಳಾಗಡ್ಡಿ ಹೆಚ್ಚು, ಹೋಗು."

ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣೀರು ಬಂದದ್ದಕ್ಕೆ ನೆವ ಸಿಕ್ಕಿತು.

ಟ್ಯಾಕ್ಸಿ ಬಂದಾಗ ಸಭಾಗೃಹದಲ್ಲಿ ಆಗಲೇ ಮಕ್ಕಳ ಕೇಕೆ ಎದ್ದಿತ್ತು. ಕಾಕಾ ಅಂಗಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡೇ ಇಳಿದ. ಶಿವಾನಿ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ದಾರಿ ತುಂಬ ಬಿಡಲಿಲ್ಲ ಈ ಹುಡುಗಿ," ಎಂದ ಕಾಕಾ. "ಕೆಮ್ಮಿದ್ರೂ ಅಂಕಲ್ ಕೈ ತೆಗೀಬೇಡಿ ಅಂತಾಳ. ಅತ್ತಾಗ ಕಾಶಿ ತೆಗೀರಿ ಅಂತಾಳ, ಇತ್ತಾಗ ಇಕಿ ತೆಗೀಬೇಡಿ ಅಂತಾಳ. ಯಾರ ಮಾತ ಕೇಳಲಿ?"

ಶಿವಾನಿ ರೇಣುವಿನ ಮುಂದೆ ನಿಂತು ಕ್ಷಮೆ ಕೇಳಹೋದಳು. ರೇಣು ಅವಳ ಬಾಯಿಗೆ ಒಂದು ಮುಷ್ಟಿ ಚೂಡಾ ಹಾಕಿದಳು. "ಜಗಿ ಮೊದಲ. ಆ ಶಬ್ದದ ದೋಷ ಅದು, ನಿಂದಲ್ಲ."

ನಾನು ಲ್ಯಾಪ್‌ಟಾಪಿನಿಂದ ಆ ಸಾಫ್ಟ್‌ವೇರ್ ಕಿತ್ತುಹಾಕಿದೆ. ವೈಫೈ ಆರಿಸಿದೆ. ಫೋನನ್ನು ದೂರ ಇಟ್ಟೆ. ಡ್ರೈವ್ ಕೈಗೆತ್ತಿಕೊಂಡೆ. ಎಲ್ಲರೂ ನನ್ನ ಭುಜದ ಮೇಲೆ ಗದ್ದ ಊರಿ ನಿಂತಿದ್ದರು. ಹಚ್ಚಿದೆ. ಫೋಲ್ಡರ್ ಕಾಣಿಸಿತು. ಒಳಗೆ ಅಜ್ಜಿ ಇದ್ದಳು, ಕೋಳಿ ಇತ್ತು, ಚಕ್ರಗಳಿದ್ದವು. ಉಸಿರು ಹಿಡಿದು ಕಾದೆವು. ಯಾರೂ ಇಳಿದು ಹೋಗಲಿಲ್ಲ. ಕಾಕಾ ಮೆಲ್ಲಗೆ, "ಬಸಾ," ಎಂದ. ಬಸ್ಸಿನಲ್ಲಿ ಎಲ್ಲರೂ ಕೂತೇ ಇದ್ದರು. ಸಿನಿಮಾವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಡ್ರೈವ್ ತೆಗೆದು ಕಾಕುವಿನ ಕೈಗೆ ಕೊಟ್ಟೆ. ಅವಳದನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಅದಕ್ಕಿಂತ ಭದ್ರವಾದ ಜಾಗ ನನ್ನ ಕಂಪನಿಯಲ್ಲೂ ಇಲ್ಲ.

ವರದಾ ಅವರು ಬಂದರು, ಮಕ್ಕಳ ನಡುವೆಯೇ ಕೂತರು. ದೀಪ ಆರಿತು. ವೇದಿಕೆಯ ಪಡದೆಯ ಹಗ್ಗ ಹಿಡಿಯುವ ಕೆಲಸವನ್ನು ಶಿವಾನಿ ಕೇಳಿ ಪಡೆದಿದ್ದಳು.

"ಪಡದಾ ತೆಗಿ," ಎಂದೆ ಪ್ರೊಜೆಕ್ಟರಿನ ಬಳಿಯಿಂದ.

ಕತ್ತಲಲ್ಲಿ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವಳ ದನಿ ಬಂತು, ಬಹಳ ಎಚ್ಚರದಿಂದ. "ಪೂರ್ತಿನಾ?"

"ಓಪನ್ ಮಾಡವ್ವಾ," ಎಂದು ರೇಣು, ಕಾಕು, ನಾನು ಮೂವರೂ ಒಟ್ಟಿಗೆ ಕೂಗಿದೆವು.

ಪಡದೆ ಸರಿಯಿತು. ಹಾರನ್ ಹೊಡೆಯಿತು, ಮಕ್ಕಳು ಕಿರುಚಿದರು. ಹಳದಿ ಅಕ್ಷರಗಳು ಒಂದೊಂದಾಗಿ ಉರುಳಿಕೊಂಡು ಬಂದು ನಿಂತವು. 'ಕನ್ನಡ ಕಲಿತ ಬಸು.' ನಮ್ಮ ಮುಂದಿನ ಸಾಲಿನಲ್ಲಿ ಕಾಕಾ ಬೆನ್ನು ನೆಟ್ಟಗೆ ಮಾಡಿದ.

ವರದಾ ಹಿಂದಕ್ಕೆ ಬಾಗಿ ರೇಣುವನ್ನು ಕೇಳಿದರು. "ಬಸು ಅನ್ನೋದು ಬಸ್ಸಿನ ಹೆಸರಾ? ಬಸ್ಸಿಗೆ ಹೆಸರಿಟ್ಟಿದ್ದೀರಲ್ಲ, ಚೆನ್ನಾಗಿದೆ."

ರೇಣು ಒಂದು ಸಲ ಪರದೆ ನೋಡಿದಳು, ಒಂದು ಸಲ ಅಪ್ಪನ ಬೆನ್ನು ನೋಡಿದಳು. "ಹೌದ್ರಿ," ಎಂದಳು. "ನಮ್ಮಪ್ಪನ ಹೆಸರು." ಆಮೇಲೆ ನನ್ನ ಕಿವಿಯಲ್ಲಿ, "ಒತ್ತು ಹಾಕೂದು ಬ್ಯಾಡ ಬಿಡು."

ಅಜ್ಜಿ ಬಸ್ಸು ಹತ್ತಿದಳು, ಬೈದಳು. ವರದಾ ಅವರು ಕೋಳಿಗೂ ಮೊದಲೇ ನಗತೊಡಗಿದ್ದರು. ಆ ಗದ್ದಲದಲ್ಲೇ ಕಾಕಾ ಪಕ್ಕದ ಕಾಕುವಿನತ್ತ ಬಾಗಿದ್ದು ಕಂಡಿತು.

"ನೀ ಆ ಹೊತ್ತಿನಾಗ ಫೋನ್ ಮಾಡಿದ್ದು ಚಲೋ ಆತು ನೋಡು, ಕಾಶಿ."

ಕಾಕು ಸುಮ್ಮನಿದ್ದಳು. ನಾನು ಕಿವಿಗೊಟ್ಟು ಕೇಳಿದೆ. ನಾನು ಫೋನಿನಲ್ಲಿ ಸುಮ್ಮನಿದ್ದದ್ದಕ್ಕಿಂತ ಅದು ಸ್ವಲ್ಪ ಉದ್ದವಿತ್ತು.